ಅತ್ತೆ ತಂದ ಕೆಂಪು ಸಕ್ಕರೆ ಗೊಂಬೆ

ನನಗಾಗ ಎಂಟು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಅದಿರು ಲಾರಿಯ ದುಡ್ಡಿನಲ್ಲಿ ಮೆರೆಯುವ ಮೊಮ್ಮಗ ಇವತ್ತು ಹೊಸಪೇಟೆಯ ಕೆಂಪು ಗೋಬಿ ತಿಂದು ಮೈ ಕೆರೆದುಕೊಳ್ಳುವುದನ್ನು ಕಂಡು ನೆನಪಾಯಿತು.

ಗೌರಿ ಹುಣ್ಣಿಮೆಗೆ ಸೋದರತ್ತೆ ಕಂಪ್ಲಿಯ ನಮ್ಮ ಮನೆಗೆ ಸಕ್ಕರೆ ಗೊಂಬೆ ತಂದಿದ್ದಳು. ಅವಳ ಮಗನಿಗೇ ನನ್ನನ್ನು ಗೊತ್ತು ಮಾಡಿದ್ದರು; ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಆ ಹಬ್ಬಕ್ಕೆ ಸಕ್ಕರೆ ಗೊಂಬೆ ತರುವುದು ನಮ್ಮ ಕಡೆಯ ಪದ್ಧತಿ. ಬಣ್ಣದ ಆನೆ ತಿಂದದ್ದೇ ಹೊಟ್ಟೆ ನುಲಿಯಿತು, ಮೈತುಂಬ ತುರಿಸುವ ಗಂದೆ ಎದ್ದವು. ಅವು ಇಳಿಯಲೆಂದು ಅವ್ವ ಕರಿಕಂಬಳಿಯಿಂದ ತಿಕ್ಕಿದಳು.

"ಯಾರದೋ ಕಣ್ಣು ಬಿದ್ದೈತಿ ವೈನಿ, ಇನ್ನೊಂದು ತಿನಸು," ಎಂದಳು ಅತ್ತೆ ಅವ್ವನಿಗೆ. ಅವಳಿಗೆ ಬಾಯಿ ಇತ್ತು, ಬುದ್ಧಿ ಇರಲಿಲ್ಲ.

"ಬಿಳೇದು ಕೊಡು ಅತ್ತಿ, ಬಣ್ಣದ್ದು ನನಗ ಆಗಂಗಿಲ್ಲ."

"ಬೀಗರ ಸಕ್ರಿ ಬ್ಯಾಡ ಅನ್ನಾಕಿ ನಮ್ಮನಿ ಸೊಸಿ ಹೆಂಗ ಆಗ್ತಾಳ?"

ಅವ್ವ ಬೆದರಿ ಕೆಂಪು ಕುದುರೆಯನ್ನೂ ನನ್ನ ಬಾಯಿಗೆ ತುರುಕಿದಳು. ಅದು ಅತ್ತೆಯ ರೇಷ್ಮೆ ಸೀರೆಯ ಮೇಲೆಯೇ ವಾಂತಿಯಾಯಿತು.

ಮರುದಿನ ಬೆಳಿಗ್ಗೆ ಉಳಿದ ಗೊಂಬೆಗಳನ್ನೆಲ್ಲ ಅತ್ತೆಯ ಚೀಲಕ್ಕೆ ಸುರಿದು, "ನಿನ್ನ ಮಗಗ ತಿನಸು" ಎಂದು ಹೇಳಿ, ಜೋಳದ ಗಂಜಿ ಕುಡಿದು ಆಡಲು ಹೋದೆ.