ತೆರೆಂಟಿಯ ಪಾಲಿನ ಲೋಟ

ನೆಲಮಾಳಿಗೆಗೆ ಇಳಿದುಬಂದವನ ಮೈಮೇಲೆ ನಮ್ಮವರದೇ ಸಮವಸ್ತ್ರವಿತ್ತು. ಅಗ್ರಫೇನಾ ಅದಕ್ಕೆ ಕವಡೆ ಕಾಸಿನ ಕಿಮ್ಮತ್ತು ಕೊಡಲಿಲ್ಲ.

ವೊರೊನೆಜ್ ನಗರ ಅರ್ಧ ಜರ್ಮನರ ಕೈಯಲ್ಲಿತ್ತು, ಅರ್ಧ ನಮ್ಮ ರಷ್ಯನ್ನರ ಕೈಯಲ್ಲಿ. ಈ ಹಳೆಯ ಬೇಕರಿಯ ಗೋಡೆಯಾಚೆ ನದಿಗೆ ಹೋಗುವ ಚರಂಡಿಯಿತ್ತು. ನಮ್ಮ ಸೈನಿಕರಿಗೆ ಮದ್ದುಗುಂಡು ಬರುತ್ತಿದ್ದುದು ಅದರಲ್ಲೇ. ಹೋದ ತಿಂಗಳು ಪಕ್ಕದ ಬೀದಿಯವರು, ನಮ್ಮ ಉಡುಪು ತೊಟ್ಟ ಜರ್ಮನನೊಬ್ಬನಿಗೆ ಇಂಥದೇ ದಾರಿ ತೋರಿಸಿ ನಲವತ್ತು ಜನರನ್ನು ಕಳೆದುಕೊಂಡಿದ್ದರು. ಅಂದಿನಿಂದ ಅವಳ ಜೇಬಿನಲ್ಲಿ ಪಿಸ್ತೂಲಿತ್ತು.

ಬಂದವನ ಕೊರಳಿಗೆ ರಕ್ತದ ಕಲೆಯ ಬಟ್ಟೆ ಸುತ್ತಿತ್ತು. ಏನು ಕೇಳಿದರೂ ಗಂಟಲು ತೋರಿಸುತ್ತಿದ್ದ. ಜರ್ಮನರಿದ್ದ ದಿಕ್ಕಿಗೆ ಕೈಮಾಡಿ, ಓಡಿಬಂದಂತೆ ಬೆರಳಾಡಿಸಿದ.

"ಸೆರೆಯಿಂದ ತಪ್ಪಿಸ್ಕೊಂಡ್ ಬಂದೆ ಅಂತಾನೆ ಕಣಮ್ಮ," ಎಂದ ಮೂಲೆಯಲ್ಲಿದ್ದ ನೆರೆಮನೆಯ ಯೆರ್ಮೊಲಾಯ್ ತಾತ.

"ಬಾಯಿ ಬಿಟ್ರೆ ಬಣ್ಣ ಬಯಲಾಗುತ್ತೆ ಅಂತ ಮೂಗನ ವೇಷ ಹಾಕಿರ್ಬೇಕು ತಾತ. ತಾಳು, ನೋಡೇಬಿಡೋಣ," ಎಂದು ಅವಳು ತಾತನ ಕಿವಿಯಲ್ಲಿ ಉಸುರಿದಳು.

ಕಪಾಟಿನ ಮೇಲೆ ವೋಡ್ಕಾ ತುಂಬಿದ ಲೋಟವೊಂದಿತ್ತು, ಅದರ ಮೇಲೊಂದು ರೊಟ್ಟಿಯ ಚೂರು. ಅದು ಸತ್ತವನ ಪಾಲು. ಅವಳು ಇನ್ನೆರಡು ಲೋಟಕ್ಕೆ ಸುರಿದು ಒಂದನ್ನು ಅವನ ಕೈಗಿತ್ತಳು.

"ನನ್ನ ಗಂಡ ತೆರೆಂಟಿ ಸಾವೆಲಿಚ್. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸ್ತಿದ್ದ. ಸತ್ತ ಅಂತ ಮಾರ್ಚಲ್ಲಿ ಕಾಗದ ಬಂತು. ಅವನ ಹೆಸರಲ್ಲಿ ಕುಡಿ."

ಅವನ ಕಣ್ಣು ಅರಳಿತು. ಜೋರಾಗಿ ತಲೆ ಅಲ್ಲಾಡಿಸಿ, ತನ್ನ ಲೋಟವನ್ನು ಅವಳ ಲೋಟಕ್ಕೆ ಠಣ್ಣನೆ ತಾಗಿಸಿದ. ನಗುತ್ತಿದ್ದ, ಪಾಪಿ!

ಅಗ್ರಫೇನಾಳ ಕೈ ಜೇಬಿನ ಪಿಸ್ತೂಲಿಗೆ ಹೋಯಿತು. ಸತ್ತವರ ಹೆಸರಲ್ಲಿ ಕುಡಿಯುವಾಗ ಇಲ್ಲಿನ ಯಾವ ಕುಡುಕನೂ ಲೋಟ ತಾಗಿಸುವುದಿಲ್ಲ. ತಾಗಿಸುವುದೇನಿದ್ದರೂ ಬದುಕಿರುವವರಿಗೆ. ತಾತನೂ ಅದನ್ನು ಕಂಡು ಊರುಗೋಲನ್ನು ಬಿಗಿಹಿಡಿದ.

ಅಷ್ಟರಲ್ಲಿ ಬಂದವನು ಆತುರಾತುರವಾಗಿ ಕೋಟಿನೊಳಗೆ ಕೈಹಾಕಿದ.

ಅವಳು ಗುಂಡು ಹಾರಿಸಿದಳು.

"ಒಳ್ಳೇದ್ ಮಾಡ್ದೆ ಮಗಳೇ," ತಾತ ಅಂದ. "ಒಂದು ಗಳಿಗೆ ತಡವಾಗಿದ್ರೆ ನಾವಿಬ್ರೂ ಹೋಗಿರ್ತಿದ್ವಿ."

ಅವಳು ಬಗ್ಗಿ, ಕೋಟಿನೊಳಗಿದ್ದ ಆ ಕೈಯನ್ನು ಹೊರಗೆಳೆದಳು. ಮುಷ್ಟಿಯಲ್ಲಿ ಪಿಸ್ತೂಲಿರಲಿಲ್ಲ. ಮಡಿಸಿದ ಕಾಗದವಿತ್ತು, ತಾರೀಖು ಹೋದ ವಾರದ್ದು. ಅಕ್ಷರ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಗ್ರಾ, ನಾನು ಬದುಕಿದ್ದೇನೆ, ಸೆರೆಯಲ್ಲಿದ್ದೇನೆ. ಇದನ್ನು ತರುವವನಿಗೆ ಗುಂಡು ತಗುಲಿ ಮಾತು ನಿಂತಿದೆ. ನನ್ನ ಹೆಸರಲ್ಲಿ ಅವನಿಗೊಂದು ಲೋಟ ಕುಡಿಸು."