ಪಕ್ಕದ ಮನೆಯ ಬುತ್ತಿ

ಒಲೆ ಮೇಲೆ ಹಾಲಿಟ್ಟಿದ್ದರೆ ಆರಿಸಿ ಬನ್ನಿ... ಆಮೇಲೆ ಸಮಾಧಾನವಾಗಿ ಓದಿ.

ಗದಗಿನ ಒಂದು ಓಣಿ. ಅಲ್ಲಿ ಮಹಾನಂದಾ ಅಂತ ಒಬ್ಬ ಹೆಣ್ಣುಮಗಳು. ಜೋಳದ ರೊಟ್ಟಿ ಮಾಡಿ ಮಾರುವುದೇ ಅವಳ ಜೀವನ.

ಹಾಸ್ಟೆಲ್, ಖಾನಾವಳಿ, ಮದುವೆ ಮನೆ... ಎಲ್ಲ ಕಡೆ ಅವಳದೇ ರೊಟ್ಟಿ.

ಗೋಡೆಗೆ ಗೋಡೆ ಹತ್ತಿದ ಮನೆ ಗುರುಬಸವ್ವನವರದು. ಒಂದು ದಿನ ಅವರ ಮನೆಗೆ ಹೊಸ ಅಳಿಯ ಬಂದ. ಮಹಾನಂದಾಳ ರೊಟ್ಟಿ ತರಿಸಿ ಊಟಕ್ಕೆ ಬಡಿಸಿದರು.

ಊಟವಾದ ಮೇಲೆ ಅಳಿಯನಿಗೆ ವಾಂತಿ, ಭೇದಿ... ಆಸ್ಪತ್ರೆಗೆ ಸೇರಿಸಬೇಕಾಯಿತು.

ಮರುದಿನ ನಲ್ಲಿಯ ಹತ್ತಿರ ಗುರುಬಸವ್ವ ಎಲ್ಲರಿಗೂ ಕೇಳುವಂತೆ ಹೇಳಿದರು.

"ಆಕಿ ಹಿಟ್ಟಿನ್ಯಾಗ ಹುಳ ಹರದಾಡ್ತಾವ. ಆ ರೊಟ್ಟಿ ತಿಂದ ನಮ್ಮ ಅಳಿಯ ದವಾಖಾನಿ ಸೇರಿದ."

ಅಷ್ಟೇ ಮಾತು. ಮೊದಲು ಹಾಸ್ಟೆಲ್‌ನವರು ಬೇಡ ಅಂದರು. ಆಮೇಲೆ ಖಾನಾವಳಿಯವರು... ಮಹಾನಂದಾ ಎದುರಿಗೆ ಬಂದರೆ ಜನ ಮೊಬೈಲ್ ನೋಡುತ್ತಾ ದಾಟಿ ಹೋಗತೊಡಗಿದರು.

ಅವಳಿಗೆ ರಾತ್ರಿ ನಿದ್ದೆ ಬಾರದಾಯಿತು. ಕೊನೆಗೆ ವಕೀಲರ ಹತ್ತಿರ ಹೋದಳು.

ವಕೀಲರು ಎಲ್ಲ ಕೇಳಿ ಅಂದರು, "ಮಾನಹಾನಿ, ಮಾನಸಿಕ ಹಿಂಸೆ... ಎರಡಕ್ಕೂ ಕೇಸ್ ಹಾಕೂಣು. ಪರಿಹಾರ ಎಷ್ಟು ಕೇಳೂಣವ್ವ?"

"ರೊಕ್ಕ ಬ್ಯಾಡ್ರಿ ಸಾಹೇಬ್ರ. ಎಲ್ಲಾರ ಮುಂದ ಹೇಳಿದಾಕಿ, ಎಲ್ಲಾರ ಮುಂದನ ಸುಳ್ಳು ಅಂತ ಹೇಳ್ಬೇಕು."

ವಕೀಲರು ನಕ್ಕರು. "ಅದನ್ನ ಯಾವ ಕೋರ್ಟೂ ಗ್ಯಾರಂಟಿ ಕೊಡೂದಿಲ್ಲವ್ವ."

ಆದರೂ ಕೇಸ್ ದಾಖಲಾಯಿತು. ಗುರುಬಸವ್ವನ ಮನೆಗೆ ಸಮನ್ಸ್ ಬಂತು. ಗೋಡೆ ಒಂದೇ... ಮಾತು ಪೂರ್ತಿ ನಿಂತಿತು.

ವಿಚಾರಣೆಗೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ಗುರುಬಸವ್ವನ ಯಜಮಾನರು ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಕ್ಕಪಕ್ಕದವರು ಬುತ್ತಿ ಕಟ್ಟಿಕೊಂಡು ಬಂದು ಆ ಮನೆಯವರಿಗೆ ಉಣ್ಣಿಸಬೇಕು. ಆ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯ ಬುತ್ತಿಯೇ ಮೊದಲು.

ಮಹಾನಂದಾ ತನ್ನ ಒಲೆ ಹಚ್ಚಿ ಹಿಟ್ಟಿನ ಡಬ್ಬಿ ತೆಗೆದಳು.

ಅವಳು ಬುಟ್ಟಿ ಹಿಡಿದು ಗುರುಬಸವ್ವನ ಮನೆಯ ಹೊಸ್ತಿಲು ದಾಟಿದ ಕೂಡಲೇ ಒಬ್ಬಾಕೆ ಅಂದಳು, "ಬುಟ್ಟ್ಯಾಗ ರೊಟ್ಟಿ ಐತೋ, ಇನ್ನೊಂದು ಸಮನ್ಸ್ ಐತೋ ನೋಡ್ರಿ ಮೊದಲ."

ಮಹಾನಂದಾ ತಲೆ ಎತ್ತಲಿಲ್ಲ. "ಕೇಸ್ ಕೋರ್ಟಿನ್ಯಾಗ ಐತಿ. ಇಲ್ಲಿ ಹಸದ ಕುಂತಾರ."

ಯಾರೋ ಆ ಬುಟ್ಟಿಯನ್ನು ತೆಗೆದು ಚಪ್ಪಲಿಗಳ ಪಕ್ಕ ಸರಿಸಿದರು. ಬೇರೆ ಮನೆಯ ಬುತ್ತಿ ಬಿಚ್ಚಿದರು.

ಮೂಲೆಯಲ್ಲಿ ಕೂತಿದ್ದ ಗುರುಬಸವ್ವ ಕೈ ಅಡ್ಡ ಹಿಡಿದರು.

"ಆ ಬುಟ್ಟಿ ತರ್ರಿ."

ಯಾರೂ ಅಲುಗಾಡಲಿಲ್ಲ. ಅವರೇ ಎದ್ದರು... ಗೋಡೆ ಹಿಡಿದುಕೊಂಡು ಹೋಗಿ ಬುಟ್ಟಿ ತಂದರು. ಬಿಸಿ ಆರದ ರೊಟ್ಟಿ ಮುರಿದು ಬಾಯಿಗಿಟ್ಟರು. ಓಣಿಯ ಹೆಂಗಸರೆಲ್ಲ ನೋಡುತ್ತಲೇ ಇದ್ದರು.

ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಳಿಯನನ್ನು ಕರೆದರು.

"ಅಳಿಯಂದಿರ... ಆವತ್ತು ನಿಮಗ ಆರಾಮ ತಪ್ಪಿದ್ದು ಈ ರೊಟ್ಟಿಯಿಂದ ಅಲ್ಲ. ನಮ್ಮ ಟಾಕಿ ನೀರಿಂದ. ಟಾಕಿ ತೊಳಿಸಿದ್ದಿಲ್ಲ. ಡಾಕ್ಟರು ನನಗ ಹೇಳಿದ್ರು."

ಅವರು ಮಹಾನಂದಾಳ ಕಡೆ ಕೈ ತೋರಿಸಿದರು.

"ಬೀಗರ ಮುಂದ ನಮ್ಮ ಮರ್ಯಾದಿ ಹೋಗತೈತಿ ಅಂತ... ಈಕಿ ಮರ್ಯಾದಿ ಕಳದೆ. ನಮ್ಮ ಯಜಮಾನ್ರು ಹೇಳಿ ಹೇಳಿ ಸಾಕಾದ್ರು, ಹೋಗಿ ನಿಜಾ ಹೇಳು ಅಂತ. ಅವರು ಇದ್ದಾಗ ಬಾಯಿ ಬರಲಿಲ್ಲ ನನಗ."

ಮನೆ ತುಂಬ ಜನ. ಎಲ್ಲರೂ ಕೇಳಿಸಿಕೊಂಡರು.

ಅಳಿಯ ಬಂದು ಬುಟ್ಟಿಯ ಪಕ್ಕ ಕೂತ. "ಅಕ್ಕಾರ, ನನಗೂ ಒಂದು ರೊಟ್ಟಿ ಕೊಡ್ರಿ."

ಇಷ್ಟು ದಿನ ತಡೆದಿಟ್ಟುಕೊಂಡಿದ್ದ ಅಳು ಮಹಾನಂದಾಳಿಗೆ ಆಗ ಬಂತು. ಅಳುತ್ತಲೇ ರೊಟ್ಟಿ ಬಡಿಸಿದಳು.

ಮುಂದಿನ ವಾರ ವಕೀಲರ ಹತ್ತಿರ ಹೋಗಿ ಕೇಸ್ ವಾಪಸ್ ತಗೊಳ್ಳಿ ಅಂದಳು. ಅವರಿಗೆ ಬೇಜಾರು. "ಗೆಲ್ಲೂ ಕೇಸ್ ಐತೆವ್ವ."

"ಆಗ್ಲೇ ಗೆದ್ದೀನ್ರಿ ಸಾಹೇಬ್ರ," ಅಂದಳು ಮಹಾನಂದಾ.

ನಾಲ್ಕು ಜನರ ಮುಂದೆ ಕಳೆದ ಮಾನವನ್ನು, ನಾಲ್ಕು ಜನರ ಮುಂದೆಯೇ ಹಿಂದಿರುಗಿಸಬೇಕು.

ಯಾರ ಬಗ್ಗೆಯೋ ನಾವು ಆಡಿದ ಮಾತು ಸುಳ್ಳು ಅಂತ ಗೊತ್ತಾದ ಮೇಲೂ ಸುಮ್ಮನೆ ಕೂತಿದ್ದೇವಾ...? ಅವರ ಮನೆ ಬಾಗಿಲು ನಮ್ಮಿಂದ ಎಷ್ಟು ದೂರ ಇದೆ?