ಪಾಟಿಯ ಮೇಲಿನ ಮನಿ

ಒದ್ದೆ ಪಾಟಿಯ ವಾಸನೆ ಬಂದರೆ ಈಗಲೂ ನಮ್ಮ ಶಾಲೆಯ ಅಕ್ಕೋರು ನೆನಪಾಗುತ್ತಾರೆ. ಒಂದು ಮಧ್ಯಾಹ್ನ ಅವರು ಪಾಟಿಯ ಮೇಲೆ ಬಳಪದಿಂದ 'ಮನೆ' ಬರೆಯಲು ಹೇಳಿದಾಗ ನಾನು 'ಮನಿ' ಎಂದು ಬರೆದಿದ್ದೆ. ಹಿಂದಿನ ಮಾಸ್ತರರಾಗಿದ್ದರೆ ತಲೆಗೆ ಮೊಟಕಿ ಒರೆಸಿಬಿಡುತ್ತಿದ್ದರು. ಅಕ್ಕೋರು ಒರೆಸಲಿಲ್ಲ. ಅದರ ಕೆಳಗೇ 'ಮನೆ' ಎಂದು ಬರೆದರು.

"ಇದು ಪುಸ್ತಕದಾಗಿಂದು, ಮ್ಯಾಲಿಂದು ನಿಂದು. ಎರಡೂ ಇರಲಿ. ಹೋಗಿ ನಿಮ್ಮವ್ವಗ ಓದಿ ಹೇಳವಾ."

"ಅವ್ವ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡ್ಯಾಕ ಹೋಗ್ಯಾಳ್ರಿ. ಮನ್ಯಾಗ ಯಾರೂ ಇಲ್ರಿ."

ಅಕ್ಕೋರು ಸೀರೆ ಒತ್ತರಿಸಿಕೊಂಡು ನನ್ನ ಪಕ್ಕ ನೆಲದ ಮೇಲೇ ಕುಳಿತರು. "ಹಂಗಾರ ನನಗ ಓದು."

ನಾನು ಓದಿದೆ. ಒಂದೊಂದು ಅಕ್ಷರಕ್ಕೂ ಅವರು "ಹೂಂ" ಎಂದರು.

ಸಂಜೆ ಬೀಗ ತೆಗೆದು ಒಳಗೆ ಹೋಗಿ, ಪಾಟಿಯನ್ನು ಗೋಡೆಗೆ ಆನಿಸಿ, ಎರಡನ್ನೂ ಮತ್ತೆ ಗಟ್ಟಿಯಾಗಿ ಓದಿದೆ. ಒಂದೊಂದು ಅಕ್ಷರಕ್ಕೂ ನಿಂತು, "ಹೂಂ" ಅನ್ನುವುದನ್ನು ಕಾದೆ.